ಕಿಲಾರಿಯಜ್ಜ ಮತ್ತು ಕಿತ್ತಳೆ ಬಣ್ಣದ ಗೂಟ

ಮೊನ್ನೆ ರಾತ್ರಿ ಅಣ್ಣನ ಮನೆಯಲ್ಲಿ ಊಟಕ್ಕೆ ಕೂತಾಗ ಅವನ ಮಗಳು ನನ್ನ ತಟ್ಟೆಯ ಪಕ್ಕದಲ್ಲಿ ಎರಡು ಸಣ್ಣ ಗೂಟಗಳನ್ನು ಇಟ್ಟಳು. ಒಂದು ಮರದ್ದು, ಇನ್ನೊಂದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ಕಿನದು. ಬೆರಳುದ್ದ, ಕೆಳಗೆ ಚೂಪು, ಮೇಲೆ ಚೆಂಡು ಕೂರಲು ಬಟ್ಟಲಿನಂಥ ಪುಟ್ಟ ತಲೆ. ಅವಳು ಇಲ್ಲೇ ಚಿತ್ರದುರ್ಗದಲ್ಲಿ ಗಾಳಿಯಂತ್ರದ ಕಂಪನಿಯೊಂದರಲ್ಲಿ ಇಂಜಿನಿಯರ್. ಈಚೆಗೆ ಗಾಲ್ಫ್ ಕಲಿಯುವ ಹುಚ್ಚು ಹತ್ತಿದೆ.

"ಅತ್ತೆ, ನೀವು ಹಿಂದೆ ಗಾಲ್ಫ್ ಇರೋ ಕ್ಲಬ್ಬಲ್ಲಿ ಕೆಲ್ಸ ಮಾಡಿದೋರಲ್ವಾ? ಇವೆರಡರಲ್ಲಿ ಯಾವುದು ತಗಳ್ಲಿ ಹೇಳ್ರಿ" ಎಂದಳು.

ನಾನು ಹೇಳುವ ಮೊದಲೇ ಫೋನಿನಲ್ಲಿ ಓದಿದ್ದನ್ನೆಲ್ಲ ಒಪ್ಪಿಸಿದಳು. ಮರದ್ದು ಬೇಗ ಮುರಿಯುತ್ತದಂತೆ, ಆದರೆ ಮಣ್ಣಿನಲ್ಲಿ ಮಣ್ಣಾಗುತ್ತದಂತೆ. ಪ್ಲಾಸ್ಟಿಕ್ಕಿನದು ಬಾಳಿಕೆ ಬರುತ್ತದಂತೆ, ಆದರೆ ಚೆಂಡು ಹೊಡೆಯುವ ಕೋಲಿನ ಮೋರೆಗೆ ಬಣ್ಣ ಮೆತ್ತುತ್ತದಂತೆ. ನಾನು ಕಿತ್ತಳೆ ಗೂಟವನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಂಡೆ. ಅಷ್ಟೇ... ಸಾರಿನ ವಾಸನೆ ಹೋಗಿ ಹುಳಿತ ಮೇವಿನ ವಾಸನೆ ಮೂಗಿಗೆ ಬಡಿಯಿತು. "ಮರದ್ದು ತಗೋ. ಇದನ್ನ ನನ್ನ ಕಣ್ಣಿಂದ ದೂರ ಇಡು" ಎಂದೆ. ದನಿ ಜೋರಾಯಿತೇನೋ, ಹುಡುಗಿ ತುತ್ತನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು. ಮೂಗಿನ ತುದಿಯಲ್ಲೇ ಸಿಟ್ಟು ಎಂದು ಮನೆಯಲ್ಲಿ ನನಗೆ ಹೆಸರಿದೆ, ಹಾಗಾಗಿ ಅವಳು ಹೆಚ್ಚು ಕೆದಕಲಿಲ್ಲ. ಕೆದಕಿದ್ದರೂ ಅದು ಊಟದ ಹೊತ್ತಿನಲ್ಲಿ ಹೇಳುವ ಮಾತಾಗಿರಲಿಲ್ಲ.

ಹೊಳಲ್ಕೆರೆಗೂ ಹೊಸದುರ್ಗಕ್ಕೂ ನಡುವಿನ ಗುಡ್ಡಗಳಲ್ಲಿ ಆಗ ಒಂದು ಅದಿರಿನ ಗಣಿಯಿತ್ತು. ಅಪ್ಪ ಅಲ್ಲಿ ಫಿಟ್ಟರ್. ನಾನು ಡಿಗ್ರಿ ಮುಗಿಸಿ, ಮನೆಯಲ್ಲಿ ಕೂತು ಅಮ್ಮನ ಜೊತೆ ದಿನಕ್ಕೊಂದು ಜಗಳ ತೆಗೆಯುತ್ತಿದ್ದ ಕಾಲದಲ್ಲಿ ಕಂಪನಿಯ ಕ್ಲಬ್ಬಿನಲ್ಲಿ ಸಾಮಾನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಕ್ಲಬ್ಬೆಂದರೆ ದೊಡ್ಡದೇನಲ್ಲ. ತಗಡಿನ ಸೂರಿನ ಒಂದು ಕಟ್ಟಡ, ಒಂದು ಕೇರಂ ಬೋರ್ಡು, ಕಾಫಿ ಕಾಯಿಸುವ ಒಲೆ, ಮತ್ತೆ ಮುಂದಿನ ಇಳಿಜಾರಿನಲ್ಲಿ ಗಣಿ ನಡೆಸುತ್ತಿದ್ದ ದೊಡ್ಡ ಸಾಹೇಬರ ಗಾಲ್ಫ್. ಆ ಗರಸು ನೆಲದಲ್ಲಿ ಹಸಿರು ಹಾಸು ಎಲ್ಲಿಂದ ಬರಬೇಕು? ಮರಳಿಗೆ ಸುಟ್ಟ ಎಣ್ಣೆ ಕಲಸಿ, ತಟ್ಟಿ, ನಡುವೆ ಕುಳಿ ತೋಡಿ ಅದನ್ನೇ ಹುಲ್ಲೆಂದುಕೊಂಡು ಆಡುತ್ತಿದ್ದರು. ಉಳಿದಂತೆ ಬಾದೆ ಹುಲ್ಲು, ಬಂದರಿಕೆ ಗಿಡ, ಕಲ್ಲು. ಚೆಂಡು ಹುಡುಕುವುದರಲ್ಲೇ ಭಾನುವಾರ ಮುಗಿಯುತ್ತಿತ್ತು.

ಸಾಹೇಬರು ಬರುವುದಕ್ಕೆ ಎಷ್ಟೋ ಮೊದಲಿಂದ ಆ ಇಳಿಜಾರು ದೇವರ ದನಗಳ ದಾರಿಯಾಗಿತ್ತು. ಗುಡ್ಡದ ಆಚೆಗಿನ ಹಟ್ಟಿಯವರು ತಮ್ಮ ದೇವರ ಹೆಸರಿನಲ್ಲಿ ಒಂದು ಹಿಂಡು ಸಾಕಿದ್ದರು. ಆ ಎತ್ತುಗಳ ಹೆಗಲಿಗೆ ನೊಗವಿಲ್ಲ, ಮೂಗಿಗೆ ದಾರವಿಲ್ಲ, ಮೈಗೆ ಕಬ್ಬಿಣ ತಾಗಿಸುವಂತಿಲ್ಲ. ಸತ್ತರೆ ಮನುಷ್ಯರ ಹಾಗೆ ಪೂಜೆ ಮಾಡಿ ಮಣ್ಣು ಮಾಡುತ್ತಾರೆ. ಆ ಹಿಂಡನ್ನು ಕಾಯುವವನಿಗೆ ಕಿಲಾರಿ ಎನ್ನುತ್ತಾರೆ. ಅವನು ದನಗಳ ನಡುವೆ ಬರಿಗಾಲಲ್ಲೇ ನಡೆಯಬೇಕು, ಅವುಗಳನ್ನು ಕೂಡುವ ರೊಪ್ಪದಲ್ಲೇ ಮಲಗಬೇಕು, ಬೇರೆಯವರು ಬೇಯಿಸಿದ್ದನ್ನು ಬಾಯಿಗೆ ಇಡಬಾರದು. ದಿನಾ ಮಧ್ಯಾಹ್ನ ಹಿಂಡು ನಮ್ಮ ಕ್ಲಬ್ಬಿನ ಮುಂದೆ ಹಾದು ಕೆಳಗಿನ ಕಟ್ಟೆಗೆ ನೀರಿಗೆ ಇಳಿಯುತ್ತಿತ್ತು. ಭಾನುವಾರವಾದರೆ ಆಟ ನಿಲ್ಲುತ್ತಿತ್ತು, ಸಾಹೇಬರು ಕೋಲು ಊರಿಕೊಂಡು ದಾರಿ ಬಿಡುತ್ತಿದ್ದರು. ಅದು ಕಂಪನಿಗೂ ಹಟ್ಟಿಗೂ ಆಗಿದ್ದ ಒಪ್ಪಂದ.

ನಾನು ಕಂಡ ಕಿಲಾರಿ ಒಬ್ಬ ಅಜ್ಜ. ಹೆಂಡತಿ ತೀರಿಕೊಂಡಿದ್ದಳು, ಒಬ್ಬಳೇ ಮಗಳನ್ನು ಮಾಡದಕೆರೆಯ ಕಡೆ ಕೊಟ್ಟಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ದೇವರ ಕೋಲು, ಅಂಗಾಲು ಬಿಸಿಲಿಗೆ ಒಡೆದ ಕೆರೆಯಂಗಳದ ಹಾಗೆ. ಮಾತು ಕಡಿಮೆ. ನನ್ನದೋ, ಬಾಯಿದ್ದವಳು ಬರಗಾಲದಲ್ಲೂ ಬದುಕಿದಳು ಎನ್ನುವ ಜಾತಿ. ಹೇಗೆ ಸ್ನೇಹ ಬೆಳೆಯಿತೋ ಕಾಣೆ. ನಾನು ಕಾಫಿ ಕೊಡಲು ಹೋದರೆ ಕೈ ಮುಗಿದು ಬೇಡವೆನ್ನುತ್ತಿದ್ದ. ಬೇವಿನ ಮರದ ಕೆಳಗೆ ಕಲ್ಲು ಹೂಡಿ, ತನ್ನದೇ ಕುಡಿಕೆಯಲ್ಲಿ ಬೆಲ್ಲದ ಕಾಫಿ ಕಾಯಿಸಿಕೊಳ್ಳುತ್ತಿದ್ದ. ಒಲೆಗೆ ಪುರಲೆ ಎಂದರೆ ನಮ್ಮ ಸಾಹೇಬರು ಮುರಿದು ಬಿಸಾಡಿದ ಮರದ ಗೂಟಗಳು!

ಆ ನೆಲಕ್ಕೆ ಗೂಟ ಇಳಿಸುವುದೇ ಒಂದು ಸಾಹಸ. ಇಳಿದರೂ ಒಂದು ಹೊಡೆತಕ್ಕೆ ಎರಡು ತುಂಡು. ಸೋಮವಾರ ಬೆಳಿಗ್ಗೆ ನಾನು ಚೂರುಗಳನ್ನು ಆರಿಸಿ ಒಂದು ಡಬ್ಬಿಗೆ ಹಾಕಿಡುತ್ತಿದ್ದೆ, ಅಜ್ಜ ಬಂದು ಕಂಬಳಿಯ ಸೆರಗಿಗೆ ಸುರಿದುಕೊಳ್ಳುತ್ತಿದ್ದ. "ನಿಮ್ಮ ಸಾಹೇಬ್ರು ಇನ್ನಾ ಜೋರಾಗಿ ಹೊಡೀಲಿ ತಾಯಿ, ನನ್ನೊಲಿ ಚೆನ್ನಾಗಿ ಉರೀತೈತೆ" ಎಂದು ಒಮ್ಮೆ ಅಂದಿದ್ದ. ಅವನ ಬಾಯಿಂದ ಬಂದ ತಮಾಷೆ ಅದೊಂದೇ ಇರಬೇಕು.

ಗೂಟ ತರಿಸಿ ತರಿಸಿ ಸಾಹೇಬರಿಗೆ ಬೇಸರವಾಯಿತು. ಒಂದು ದಿನ ಎರಡು ಪೊಟ್ಟಣ ತಂದು ನನ್ನ ಮೇಜಿನ ಮೇಲಿಟ್ಟರು, ಮೊನ್ನೆ ಅಣ್ಣನ ಮಗಳು ಇಟ್ಟ ಹಾಗೆಯೇ. ಪ್ಲಾಸ್ಟಿಕ್ಕಿನದನ್ನು ಬೆರಳಲ್ಲಿ ಬಗ್ಗಿಸಿ ತೋರಿಸಿ, "ನೋಡಮ್ಮ, ಮುರಿಯೋದೇ ಇಲ್ಲ. ಇನ್ನು ಮೇಲೆ ಇದನ್ನೇ ತರಿಸು" ಎಂದರು. ಮುರಿಯದಿದ್ದರೇನು ಸಾರ್, ಹಾರಿ ಹೋಗಿ ಹುಲ್ಲಲ್ಲಿ ಬೀಳುತ್ತವೆ, ದನ ಓಡಾಡುವ ಜಾಗ ಎಂದೆ. "ಹುಲ್ಲು ತಿನ್ನೋ ದನ ಪ್ಲಾಸ್ಟಿಕ್ ಯಾಕೆ ತಿನ್ನುತ್ತೆ?" ಎಂದು ನಕ್ಕರು. ಕೆಟ್ಟ ಮನುಷ್ಯರಲ್ಲ ಅವರು. ಹಸಿದ ದನ ಬೇಸಿಗೆಯಲ್ಲಿ ಏನೇನು ಮೆಲ್ಲುತ್ತದೆ ಎಂದು ನೋಡಿದವರಲ್ಲ, ಅಷ್ಟೇ. ನಮ್ಮ ಕಾಲೋನಿಯ ಹೆಂಗಸರೂ ಕಮ್ಮಿಯಿಲ್ಲ. ಅನ್ನ ಮಿಕ್ಕಿದ್ದು, ತರಕಾರಿ ಸಿಪ್ಪೆ ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಗಂಟು ಹಾಕಿ ಬೇಲಿಯಾಚೆ ಎಸೆಯುತ್ತಿದ್ದರು. ಅಮ್ಮನೂ ಎಸೆಯುತ್ತಿದ್ದಳು. ಆ ವಿಷಯಕ್ಕೂ ನಮ್ಮಿಬ್ಬರಿಗೆ ಜಗಳ.

ಕಿತ್ತಳೆ, ಹಳದಿ ಗೂಟಗಳು ಬಂದವು. ಅಜ್ಜ ಒಂದನ್ನು ಒಲೆಗೆ ಹಾಕಿ ನೋಡಿ, ಕೆಟ್ಟ ನಾತಕ್ಕೆ ಮುಖ ಕಿವುಚಿ, ಮತ್ತೆ ಪುರಲೆ ಆರಿಸಲು ಗುಡ್ಡ ಹತ್ತಿದ. ಡಬ್ಬಿ ಖಾಲಿಯಾಗಿ ಮೂಲೆ ಸೇರಿತು.

ಹಿಂಡಿನ ಮುಂದಾಳು ಒಂದು ಬಿಳಿ ಎತ್ತು. ಅಜ್ಜ ಅದನ್ನು ಬಿಳಿಯ ಎನ್ನುತ್ತಿದ್ದ. ಅದರ ತಾಯಿ ಹೆತ್ತ ಕೂಡಲೇ ಸತ್ತಿತ್ತಂತೆ, ಅಜ್ಜ ಕರುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬೇರೆ ಹಸುಗಳ ಮೊಲೆಗೆ ಹಚ್ಚಿ ಉಳಿಸಿದ್ದನಂತೆ. ಅಜ್ಜ ಕೂತರೆ ಬಿಳಿಯ ಬಂದು ಅವನ ಹೆಗಲ ಮೇಲೆ ಗದ್ದ ಊರುತ್ತಿತ್ತು. ಬಿಳಿಯ ಹೆಜ್ಜೆ ಎತ್ತಿದರೆ ಉಳಿದವು ಹಿಂದೆ ಹೊರಡುತ್ತಿದ್ದವು.

ಬೇಸಿಗೆ ಏರುತ್ತಿದ್ದ ದಿನಗಳು. ಒಂದು ಶನಿವಾರ ಅಜ್ಜ ಕಾಫಿಗೆ ಒಲೆಯನ್ನೇ ಹೂಡಲಿಲ್ಲ. "ಇವನು ಮೆಲುಕು ನಿಲ್ಲಿಸ್ಯಾನೆ ತಾಯಿ" ಎಂದ. ಓಮ, ಇಂಗು, ಎಣ್ಣೆ ಎಲ್ಲ ಕುಡಿಸಿ ಆಗಿತ್ತು. ಮರುದಿನ ಹಿಂಡು ಬಂದಾಗ ಬಿಳಿಯ ಬೇವಿನ ಮರದ ಕೆಳಗೆ ನಿಂತುಬಿಟ್ಟಿತು. ಕಟ್ಟೆಯ ಕಡೆ ತಿರುಗಲೇ ಇಲ್ಲ. ಎಡಗಡೆಯ ಹೊಟ್ಟೆ ಉಬ್ಬಿ ಡೋಲಾಗಿತ್ತು. ನಾಲಿಗೆ ಹೊರಗೆ ಬಂದಿತ್ತು, ಒಂದೊಂದು ಉಸಿರಿಗೂ ಮೈಯೆಲ್ಲ ಅದುರುತ್ತಿತ್ತು. ನಾನು ಆಟದ ನಡುವೆಯೇ ಓಡಿ ಹೋಗಿ ಸಾಹೇಬರ ಮುಂದೆ ನಿಂತೆ. ಜೀಪು ಬೇಕು ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ, ನನ್ನ ಮುಖ ನೋಡಿಯೇ ಡ್ರೈವರನ್ನು ಕೂಗಿ ಹೊಸದುರ್ಗಕ್ಕೆ ಅಟ್ಟಿದರು.

ದನದ ಡಾಕ್ಟರು ಬರುವ ಹೊತ್ತಿಗೆ ಹಟ್ಟಿಯ ಅರ್ಧ ಜನ ಅಲ್ಲಿದ್ದರು. ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಕಿವಿ ಇಟ್ಟು ಕೇಳಿದರು. "ಒಳಗೆ ಪ್ಲಾಸ್ಟಿಕ್ ತುಂಬಿರಂಗೈತೆ. ಮೊದ್ಲು ಸೂಜಿ ಹಾಕಿ ಗಾಳಿ ಬಿಡಿಸ್ಬೇಕು, ಆಮ್ಯಾಲೆ ಹೊಟ್ಟೆ ಕೊಯ್ದು ತೆಗೀಬೇಕು" ಎಂದು ಚೀಲಕ್ಕೆ ಕೈ ಹಾಕಿದರು. ಹಟ್ಟಿಯ ಯಜಮಾನ ಮುಂದೆ ಬಂದು ಅಡ್ಡ ನಿಂತ.

"ಡಾಕ್ಟ್ರೇ, ತಪ್ಪು ತಿಳೀಬ್ಯಾಡ್ರಿ. ದೇವರೆತ್ತು ಇದು. ಕಬ್ಬಿಣ ಮುಟ್ಟಿಸಂಗಿಲ್ಲ."

"ಮುಟ್ಟಿಸ್ದಿದ್ರೆ ಹೊತ್ತು ಮುಳುಗೋದ್ರಾಗೆ ಸಾಯ್ತೈತೆ ಯಜಮಾನ್ರೇ."

"ದೇವ್ರ ಅಪ್ಪಣೆ ಕೇಳ್ತೀವಿ. ಅಲ್ಲೀವರ್ಗೂ ನಿಂದ್ರಿ."

ಡಾಕ್ಟರು ನನ್ನ ಕಡೆ ನೋಡಿದರು, ನಾನು ಸಾಹೇಬರ ಕಡೆ ನೋಡಿದೆ, ಸಾಹೇಬರು ತಮ್ಮ ಕೈಯಲ್ಲಿದ್ದ ಕೋಲನ್ನು ನೋಡಿಕೊಂಡರು. ಹಟ್ಟಿಯಿಂದ ಪೂಜಾರಿ ದೇವರ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಬರುವ ತನಕ ನಾವು ಆ ಎತ್ತಿನ ಉಸಿರು ಕೇಳುತ್ತಾ ನಿಂತೆವು. ಅಷ್ಟು ಹೊತ್ತೂ ಅಜ್ಜ ಒಂದು ಕೈಯನ್ನು ಅದರ ಕೊರಳಿಗೆ ಸುತ್ತಿ, ಕಿವಿಯ ಹತ್ತಿರ ಏನೋ ಗುನುಗುತ್ತಿದ್ದ. ಏನೆಂದು ನನಗೆ ಕೇಳಿಸಲಿಲ್ಲ.

ಕಂಬಳಿ ಹಾಸಿ ಗದ್ದುಗೆ ಮಾಡಿ ಪೆಟ್ಟಿಗೆಯನ್ನು ಇಟ್ಟರು. ಪೂಜಾರಿ ಅದರ ಮೇಲಿನ ಕಲಶಕ್ಕೆ ಎರಡೂ ಬದಿ ಒದ್ದೆ ಕಣಗಿಲೆ ಹೂ ಅಂಟಿಸಿದ. ಬಲದ ಹೂ ಮೊದಲು ಬಿದ್ದರೆ ಅಪ್ಪಣೆ, ಎಡದ್ದು ಬಿದ್ದರೆ ಇಲ್ಲ. ಒಮ್ಮೆ ಕೇಳಿದ ಮೇಲೆ ಆ ದಿನ ಮತ್ತೆ ಕೇಳುವಂತಿಲ್ಲ. ಆ ಇಳಿಜಾರಿನಲ್ಲಿ ಗಾಳಿ ಯಾವಾಗಲೂ ಇರುತ್ತದೆ. ಜನ ಒಬ್ಬರಿಗೊಬ್ಬರು ಅಂಟಿಕೊಂಡು ಸುತ್ತ ಗೋಡೆಯಂತೆ ನಿಂತರು. ನಾನೂ ನಿಂತೆ. ಹರಕೆ ಕಟ್ಟಿಕೊಂಡು ಅಭ್ಯಾಸವಿಲ್ಲದ ನಾನು ಆವತ್ತು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಹೂ ಕದಲಲಿಲ್ಲ. ಬಿಳಿಯನ ಮುಂಗಾಲು ಮಡಿಚಿತು, ಅಜ್ಜ ಹೆಗಲು ಕೊಟ್ಟು ಎತ್ತಿ ನಿಲ್ಲಿಸಿದ. ಡಾಕ್ಟರು ಗಡಿಯಾರ ನೋಡಿಕೊಂಡರು. "ಇನ್ನು ತಡ ಮಾಡಿದ್ರೆ ನಾನು ಇದ್ದೂ ಇಲ್ಲದಂಗೆ" ಎಂದು ಯಾರಿಗೂ ಅಲ್ಲದಂತೆ ಹೇಳಿದರು. ಪೂಜಾರಿ ಬೇಡಿಕೊಳ್ಳುತ್ತಲೇ ಇದ್ದ. ಎಲ್ಲಿಂದಲೋ ಒಂದು ಗಾಳಿ ಸುಳಿಯಿತು, ಕಾಲ ಬುಡದ ಧೂಳು ಎದ್ದಿತು... ಎಡಗಡೆಯ ಹೂ ಬಿತ್ತು.

"ಗಾಳಿಗೆ ಬಿತ್ತು!" ಎಂದು ನಾನು ಕೂಗಿಬಿಟ್ಟೆ. "ಎಲ್ಲಾರೂ ನೋಡಿದ್ರಲ್ಲ, ಗಾಳಿಗೆ ಬಿದ್ದಿದ್ದು ಅದು!"

ಎಲ್ಲರೂ ತಿರುಗಿ ನನ್ನನ್ನು ನುಂಗುವಂತೆ ನೋಡಿದರು. ಅಜ್ಜ ಮಾತ್ರ ಮೆತ್ತಗೆ, "ಸುಮ್ಕಿರು ತಾಯಿ. ಬಿದ್ದಿದ್ದು ಬಿದ್ದೈತೆ. ಅವನು ಬ್ಯಾಡ ಅಂದಾನೆ" ಎಂದ.

ನನಗೆ ಅವನ ಮೇಲೂ ಸಿಟ್ಟು ಬಂತು. ಒಂದು ನೆಪ ಕೈಗೆ ಕೊಟ್ಟರೂ ಹಿಡಿದುಕೊಳ್ಳಲಿಲ್ಲವಲ್ಲ ಈ ಮುದುಕ ಎಂದು ಹಲ್ಲು ಕಚ್ಚಿದೆ. ಯಜಮಾನ ಕಣ್ಣೊರೆಸಿಕೊಳ್ಳುತ್ತಾ, ಮಣ್ಣು ಮಾಡಲು ಜಾಗ ನೋಡಿ ಎಂದು ಯಾರಿಗೋ ಹೇಳಿದ. ಪೂಜಾರಿ ಪೆಟ್ಟಿಗೆ ಎತ್ತಲು ಬಾಗಿದ. ಆಗ ಅಜ್ಜ ಬಿಳಿಯನನ್ನು ಮರಕ್ಕೆ ಒರಗಿಸಿ ಬಂದು, ದೇವರ ಕೋಲನ್ನು ಯಜಮಾನನ ಕಾಲ ಹತ್ತಿರ ಮಲಗಿಸಿದ. ಪೆಟ್ಟಿಗೆಗೆ ಅಡ್ಡಬಿದ್ದ. ಎದ್ದು, "ಕೊಯ್ರಿ ಡಾಕ್ಟ್ರೇ" ಎಂದ.

"ಏಯ್, ಏನ್ ಮಾಡ್ತಿದೀಯ ಗೊತ್ತೈತೇನು?" ಎಂದ ಯಜಮಾನ. "ಮತ್ತೆ ರೊಪ್ಪದಾಗೆ ಕಾಲಿಡಂಗಿಲ್ಲ ನೀನು. ಒಂದು ದನಾನೂ ಮುಟ್ಟಂಗಿಲ್ಲ."

"ಗೊತ್ತೈತೆ."

"ದೇವ್ರ ಮಾತು ಮೀರ್ತೀಯ?"

"ದೇವ್ರಿಗೆ ಎತ್ತು ಭಾಳ ಅವೆ ಯಜಮಾನ. ಇವನಿಗೆ ನಾನೊಬ್ನೇ ಇರೋದು."

ಅಷ್ಟು ಹೇಳಿ ವಾಪಸು ಹೋಗಿ ಕೊರಳಿಗೆ ಕೈ ಸುತ್ತಿ ನಿಂತ. ಯಾರಾದರೂ ಬಂದು ಎಳೆಯುತ್ತಾರೆ, ಹೊಡೆದಾಟವಾಗುತ್ತದೆ ಎಂದುಕೊಂಡೆ. ಯಾರೂ ಬರಲಿಲ್ಲ. ಪೂಜಾರಿ ಪೆಟ್ಟಿಗೆ ಹೊತ್ತು ನಡೆದ, ಜನ ಒಬ್ಬೊಬ್ಬರಾಗಿ ಅವನ ಹಿಂದೆ ಹೋದರು. ಹಿಂಡನ್ನು ಹೊಡೆದುಕೊಂಡು ಹೋಗಲು ಯಜಮಾನ ತನ್ನ ತಂಗಿಯ ಮಗನಿಗೆ ಕೋಲು ಕೊಟ್ಟ. ದನಗಳು ತಿರುತಿರುಗಿ ನೋಡುತ್ತಾ, ಅಂಬಾ ಎನ್ನುತ್ತಾ ಹೋದವು. ಅಜ್ಜ ಆ ಕಡೆ ತಲೆ ಎತ್ತಲಿಲ್ಲ.

ಡಾಕ್ಟರು ದಪ್ಪ ಸೂಜಿ ಚುಚ್ಚಿದಾಗ ಬುಸ್ಸೆಂದು ಗಾಳಿ ಹೊರಟಿತು. ಹುಳಿತ ಮೇವಿನ ಆ ವಾಸನೆ ನನ್ನ ಸೀರೆಯಲ್ಲಿ ಎಷ್ಟೋ ದಿನ ಇತ್ತು, ಇಲ್ಲ, ತಲೆಯಲ್ಲಿ ಇತ್ತೇನೋ. ಹುಟ್ಟಿದಾಗಿನಿಂದ ಹಗ್ಗ ಕಾಣದ ಎತ್ತನ್ನು ಕಟ್ಟುವುದು ಹೇಗೆ? ಮರಗಟ್ಟಿಸುವ ಔಷಧ ಕೊಟ್ಟು, ನಿಂತ ಹಾಗೆಯೇ ಪಕ್ಕೆ ಕೊಯ್ದರು. ಒದ್ದರೆ ಡಾಕ್ಟರ ಮೂಳೆ ಉಳಿಯುತ್ತಿರಲಿಲ್ಲ. ಅಜ್ಜ ಗುನುಗುತ್ತಿದ್ದ, ಬಿಳಿಯ ಅವನ ಹೆಗಲ ಮೇಲೆ ಗದ್ದ ಊರಿ ನಿಂತಿತ್ತು. ನಾನು ಬಿಸಿನೀರು, ಬಟ್ಟೆ ಕೊಡುತ್ತಿದ್ದೆ. ಸಾಹೇಬರು ಅಂಗಿಯ ತೋಳು ಮಡಚಿ ಕೊಯ್ದ ಚರ್ಮದ ಅಂಚನ್ನು ಎಳೆದು ಹಿಡಿದಿದ್ದರು.

ಡಾಕ್ಟರು ಮೊಣಕೈ ತನಕ ತೋಳು ಇಳಿಸಿ ಉಂಡೆ ಉಂಡೆಯಾಗಿ ಹೊರಗೆ ಎಳೆದರು. ಗಂಟು ಬಿಚ್ಚದ ಪ್ಲಾಸ್ಟಿಕ್ ಚೀಲಗಳು, ಹಗ್ಗದ ಚೂರು, ಅವುಗಳ ನಡುವೆ ಸಿಕ್ಕಿಹಾಕಿಕೊಂಡು ಕಿತ್ತಳೆ, ಹಳದಿ ಗೂಟಗಳು. ಮುತ್ತುಗದೆಲೆಯ ಮೇಲೆ ಅವನ್ನು ಬೇರೆಯಾಗಿ ಇಟ್ಟರು. ಬಣ್ಣ ಒಂದಿಷ್ಟೂ ಮಾಸಿರಲಿಲ್ಲ. ಸಾಹೇಬರು ಬಹಳ ಹೊತ್ತು ನೋಡಿದರು. "ಸಾಯೋ ಹಂಗಾಗಿದ್ದು ಇದರಿಂದಾನಾ, ಚೀಲದಿಂದಾನಾ?" ಎಂದು ಕೇಳಿದರು. "ಎತ್ತು ಹಂಗೆ ಬ್ಯಾರೆ ಬ್ಯಾರೆ ಮಾಡಿ ತಿನ್ನಲ್ಲ ಸಾರ್" ಎಂದರು ಡಾಕ್ಟರು, ಹೊಲಿಗೆ ಹಾಕುತ್ತಾ. ಚೀಲ ನಮ್ಮ ಮನೆಗಳದ್ದು, ಗೂಟ ಕ್ಲಬ್ಬಿನದ್ದು. ನನಗೆ ಎಲ್ಲರ ಮೇಲೂ ಕೂಗಾಡಬೇಕೆನಿಸಿತು, ಆದರೆ ಆವತ್ತು ಬಾಯಿ ಬರಲಿಲ್ಲ. ಕತ್ತಲಾಗುವ ಮೊದಲು ಬಿಳಿಯ ಒಂದು ಬಾಯಿ ನೀರು ಕುಡಿಯಿತು.

ಪ್ಲಾಸ್ಟಿಕ್ ಪೊಟ್ಟಣಗಳನ್ನು ಸಾಹೇಬರೇ ಬಂದು ತೆಗೆದುಕೊಂಡು ಹೋದರು. ಮುಂದಿನ ಭಾನುವಾರ ನೋಡಿದರೆ ನೆಲದ ಮೇಲೆ ಚಿಟಿಕೆ ಮಣ್ಣು ಗುಡ್ಡೆ ಮಾಡಿ, ಅದರ ಮೇಲೆ ಚೆಂಡು ಇಟ್ಟು ಆಡುತ್ತಿದ್ದರು. ಅದು ಸರಿಹೋಗದೆ ಮತ್ತೆ ಮರದ ಗೂಟ ತರಿಸಲು ಹೇಳಿದರು.

ಕಬ್ಬಿಣ ತಾಗಿದ ಬಿಳಿಯ ದೇವರ ಎತ್ತಾಗಿ ಉಳಿಯಲಿಲ್ಲ. ಹಟ್ಟಿಯವರು ಅದನ್ನು ಅಜ್ಜನಿಗೇ ಬಿಟ್ಟರು, ಬೇಕಾದರೆ ಗಾಡಿಗೆ ಹೂಡಿಕೊ ಎಂದರು. ಅವನು ಹೂಡಲಿಲ್ಲ. ಕ್ಲಬ್ಬಿನ ಹಿಂದಿನ ಹಳೆಯ ಶೆಡ್ಡಿನಲ್ಲಿ ಎತ್ತಿನ ಜೊತೆ ಇರಲು ಸಾಹೇಬರು ಜಾಗ ಕೊಟ್ಟರು. ಅಲ್ಲಿಗೆ ಬಂದ ಮೊದಲ ಮಧ್ಯಾಹ್ನ ಅಜ್ಜ ನನ್ನ ಕಿಟಕಿಯ ಹತ್ತಿರ ಬಂದು ನಿಂತ. ಕೋಲಿಲ್ಲದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದವನಂತೆ ಕಂಡ.

"ನಿನ್ನ ಕೈಯ ಕಾಫಿ ಕೊಡು ತಾಯಿ. ಈಗೇನು ಅಡ್ಡಿ ಐತೆ?"

ಎಷ್ಟು ಸಲ ಕೊಡಲು ಹೋಗಿದ್ದೆ ಅವನಿಗೆ! ಆವತ್ತು ಲೋಟ ಕೊಡುವಾಗ ನನ್ನ ಕೈಲಿ ಅರ್ಧ ಚೆಲ್ಲಿಹೋಯಿತು. ಅವನು ಕುಡಿದ, ಚೆನ್ನಾಗೈತೆ ಎಂದ, ಲೋಟ ತೊಳೆದು ಬೋರಲು ಹಾಕಿ ಹೋದ. ನಾನು ಒಳಗೆ ಹೋಗಿ ಅತ್ತೆ.

ಮುಂದೆ ನಡೆದದ್ದು ಇನ್ನೂ ಕಷ್ಟದ್ದು. ಹಿಂಡು ದಿನದ ಹಾಗೆ ಇಳಿಜಾರಿಗೆ ಬರುತ್ತಿತ್ತು. ಶೆಡ್ಡಿನ ಹತ್ತಿರ ಬಂದ ಕೂಡಲೇ ಅಷ್ಟೂ ದನಗಳು ದಾರಿ ಬಿಟ್ಟು ಅಜ್ಜನ ಸುತ್ತ ಮುತ್ತಿಕೊಳ್ಳುತ್ತಿದ್ದವು. ಮುಟ್ಟುವಂತಿಲ್ಲ ಎಂದು ಅವನು ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ನಿಲ್ಲುತ್ತಿದ್ದ, ಅವು ಅವನ ಬೆನ್ನು ನೆಕ್ಕುತ್ತಿದ್ದವು. ಹೊಸ ಕಿಲಾರಿ ಕೂಗಿ ಕೂಗಿ ಸಾಕಾಗುತ್ತಿದ್ದ. ನೀರಿಗೆ ಹೋಗದೆ ಒಂದೆರಡು ಕರುಗಳು ಸೋತವು. ಹಟ್ಟಿಯವರು ಜಗಳಕ್ಕೆ ಬರಲಿಲ್ಲ, ಅಜ್ಜನೇ ನೋಡಿ ತಿಳಿದುಕೊಂಡ. ಒಂದು ಬೆಳಿಗ್ಗೆ ನಾನು ಕ್ಲಬ್ಬಿನ ಬೀಗ ತೆಗೆಯುವಾಗ ಬಿಳಿಯನನ್ನು ಮುಂದೆ ಬಿಟ್ಟುಕೊಂಡು ಹೊರಟು ನಿಂತಿದ್ದ.

"ಮಾಡದಕೆರೆಗೆ, ಮಗಳ ಮನಿಗೆ ಹೋಗ್ತೀವಿ ತಾಯಿ. ನಾನಿಲ್ಲಿದ್ರೆ ದನ ಹೊಸಬನ ಹಿಂದೆ ಹೋಗಲ್ಲ."

"ನಿನ್ನ ದಾರಿ ಬಿಟ್ಟು ನೀನ್ಯಾಕಜ್ಜ ಹೋಗ್ತೀಯ?" ಎಂದು ನಾನು ರೇಗಿದೆ. ಅವನು ಬಿಳಿಯನ ಬೆನ್ನು ತಟ್ಟಿ, "ನಡಿಯಪ್ಪ, ಹೋಗಾಣ" ಎಂದ. ಹಿಂಡು ಏಳುವುದಕ್ಕೆ ಮುಂಚೆ ಇಬ್ಬರೂ ಗುಡ್ಡ ದಾಟಿದ್ದರು. ನಾನು ಅವನನ್ನು ನೋಡಿದ್ದು ಅದೇ ಕೊನೆ. ಅದೇ ವರ್ಷ ಹಿರಿಯೂರಿನ ಕಡೆ ನನ್ನ ಮದುವೆಯಾಯಿತು, ಆಮೇಲೆ ಗಣಿಯೂ ನಿಂತಿತು, ಅಪ್ಪ ಅಮ್ಮ ಚಿತ್ರದುರ್ಗಕ್ಕೆ ಬಂದರು.

ಊಟದ ಮೇಜಿನ ಆ ರಾತ್ರಿಯ ನಂತರ ನನಗೆ ನಿದ್ದೆ ಸರಿಬರಲಿಲ್ಲ. ಭಾನುವಾರ ಅಣ್ಣನ ಮಗಳಿಗೆ ಹೇಳಿ ಅವಳ ಕಾರಿನಲ್ಲಿ ಆ ಕಡೆ ಹೋದೆ. ದಾರಿಯಲ್ಲಿ ಅವಳಿಗೆ ಇಷ್ಟನ್ನೂ ಹೇಳಿದೆ. ಅವಳು ಗುಡ್ಡದ ಮೇಲಿನ ತನ್ನ ಗಾಳಿಯಂತ್ರಗಳನ್ನು ತೋರಿಸುವುದನ್ನೂ ಬಿಟ್ಟು ಕೇಳುತ್ತಾ ಗಾಡಿ ಓಡಿಸಿದಳು. ಕ್ಲಬ್ಬಿನ ತಗಡು ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ, ಗೋಡೆಗೆ ಕಾರೆ ಮುಳ್ಳು ಮುತ್ತಿದೆ. ಮಧ್ಯಾಹ್ನ ಹಿಂಡು ಬಂತು. ಕೋಲು ಹಿಡಿದವನು ಅದೇ ಯಜಮಾನನ ತಂಗಿಯ ಮಗ. ಅವನ ತಲೆಯೂ ಈಗ ನೆರೆತಿದೆ. ಗುರುತು ಹೇಳಿದ ಮೇಲೆ, "ಓ, ಗಾಳಿಗೆ ಬಿತ್ತು ಅಂದ ಅಮ್ಮನಾ ನೀವು! ಕುಂತ್ಕಳ್ರಿ" ಎಂದು ಕಂಬಳಿ ಹಾಸಿದ.

ಅಜ್ಜನ ಸುದ್ದಿ ಕೇಳಿದೆ. ಹಟ್ಟಿಯವರು ಅವನನ್ನು ಬಿಟ್ಟುಬಿಟ್ಟಿರಲಿಲ್ಲವಂತೆ. ವರ್ಷ ತುಂಬುವ ಮೊದಲೇ ಯಜಮಾನ ಇವನನ್ನೂ ಕರೆದುಕೊಂಡು ಮಾಡದಕೆರೆಗೆ ಹೋಗಿದ್ದನಂತೆ. ದಂಡ ಬೇಡ, ಏನೂ ಬೇಡ, ಪೆಟ್ಟಿಗೆಯ ಮುಂದೆ ನಿಂತು ತಪ್ಪಾಯ್ತು ಅಂದರೆ ಸಾಕು, ಕೋಲು ನಿನ್ನದೇ ಎಂದರಂತೆ. ಎಷ್ಟೇ ಆಗಲಿ ದನಗಳಿಗೆ ಅವನೇ ಬೇಕಾಗಿತ್ತು.

"ಅಂದ್ರಾ?" ಎಂದು ಕೇಳಿದೆ.

"ಎಲ್ಲಿ ಅಂತಾರೆ? ಬಿಳಿಯ ಅಲ್ಲೇ ಪಕ್ಕದಾಗೆ ನಿಂತಿತ್ತು. 'ತಪ್ಪಾಯ್ತು ಅಂದ್ರೆ ಇವನು ಬದುಕಿದ್ದೇ ತಪ್ಪು ಅಂದಂಗಾಗ್ತೈತೆ. ಇವನ ಮುಂದೆ ನಿಂತು ಹೆಂಗನ್ಲಿ?' ಅಂದ್ರು. ನಮ್ಮ ಮಾವ ಕೈ ಮುಗಿದು ಬಂದ."

ಆಮೇಲೆ ಎಷ್ಟೋ ವರ್ಷ ಬಿಳಿಯ ಬದುಕಿತಂತೆ. ಅದು ಸತ್ತ ಸುದ್ದಿ ತಿಳಿದು ಇವರು ಮತ್ತೊಮ್ಮೆ ಹೋದರಂತೆ. ದೇವರ ಎತ್ತಲ್ಲವಾದ್ದರಿಂದ ಪೂಜೆಗೆ ಯಾರೂ ಬಂದಿರಲಿಲ್ಲ, ಅಜ್ಜ ತಾನೇ ಗುಂಡಿ ತೋಡಿ, ತನ್ನ ಕಂಬಳಿ ಹೊದಿಸಿ, ಮಣ್ಣು ಮುಚ್ಚಿ ಅದರ ಪಕ್ಕದಲ್ಲೇ ಕೂತಿದ್ದನಂತೆ. ಈಗಲಾದರೂ ಆ ಒಂದು ಮಾತು ಹೇಳು, ಮುಖ ನೋಡಲು ಬಿಳಿಯನೂ ಇಲ್ಲವಲ್ಲ, ಊರಿಗೆ ಬಾ ಎಂದು ಯಜಮಾನ ಅಂಗಲಾಚಿದನಂತೆ.

ಕಿಲಾರಿ ಹಿಂಡಿನ ಕಡೆ ತಿರುಗಿದ. ದನಗಳು ಒಂದೊಂದಾಗಿ ಕಟ್ಟೆಯ ಕಡೆ ಇಳಿಯುತ್ತಿದ್ದವು.

"'ಎದುರಿಗಿದ್ದಾಗ ಅನ್ನದೇ ಇದ್ದಿದ್ದನ್ನ ಈಗ ಅವನ ಬೆನ್ನ ಹಿಂದೆ ಅನ್ಲಾ?' ಅಂದ್ರು ಅಮ್ಮಾ. ಇನ್ನೇನು ಕೇಳಾದು? ಎದ್ದು ಬಂದ್ವಿ."

ಆ ಮಳೆಗಾಲದಲ್ಲೇ ಅಜ್ಜ ತೀರಿಕೊಂಡನಂತೆ. ಇಷ್ಟು ವರ್ಷ, ಅವನು ಎಲ್ಲೋ ಮಗಳ ಮನೆಯ ಜಗಲಿಯಲ್ಲಿ ಕೂತಿದ್ದಾನೆ ಎಂದೇ ನಾನು ಅಂದುಕೊಂಡಿದ್ದೆ... ಲೆಕ್ಕ ಹಾಕಿದರೆ ಇರಲು ಸಾಧ್ಯವೇ ಇರಲಿಲ್ಲ, ಆದರೂ ಲೆಕ್ಕ ಹಾಕಿರಲಿಲ್ಲ. ಕಿಲಾರಿ ಎದ್ದು ಹೊರಟ. ಕೆಳಗೆ ನೀರು ಕುಡಿಯುತ್ತಿದ್ದ ಹಿಂಡಿನಲ್ಲಿ ಅಜ್ಜನನ್ನು ಕಂಡ ದನ ಒಂದೂ ಉಳಿದಿರಲಿಕ್ಕಿಲ್ಲ. ಅಣ್ಣನ ಮಗಳು ಬಂದು ನನ್ನ ಕೈ ಹಿಡಿದುಕೊಂಡಳು, ನಾವಿಬ್ಬರೂ ಹಿಂಡು ಮೇಲೆ ಹತ್ತಿ ಬರುವ ತನಕ ದಾರಿ ಬಿಟ್ಟು ಪಕ್ಕದಲ್ಲಿ ನಿಂತೆವು.